ಸುಮುಖನ ಕೂದಲು

ದೊಡ್ಡಮ್ಮನಿಗೆ ಅಮೆರಿಕದ ಇಸ್ಸಾಕ್ವಾದಿಂದ ನಮಸ್ಕಾರ. ನಿಮ್ಮ ಮೊಮ್ಮಗ ಸುಮುಖ್ ಹೆಗಲವರೆಗೆ ಕೂದಲು ಬಿಟ್ಟಿರುವುದು ನಿಮ್ಮ ತಿರುಪತಿ ಮುಡಿಯ ಹರಕೆಗೆಂದು ನಂಬಿ ನಿಮ್ಮ ಮಗಳು ವಾರವಾರವೂ ಎಣ್ಣೆ ಹಚ್ಚುತ್ತಿದ್ದಳು. ನಿನ್ನೆ ನಾವಿಬ್ಬರೂ ಅವನ ಕಾಲೇಜಿಗೆ ಹೋಗಿ ದಂಗಾದೆವು. ಗೋಡೆಯ ಮೇಲೆ ನೂರು ವರ್ಷಕ್ಕೂ ಹಿಂದಿನ ಮೊದಲ ಫುಟ್‌ಬಾಲ್ ತಂಡದ ಫೋಟೊ (ನಮ್ಮ ಕಾಲ್ಚೆಂಡಲ್ಲ, ಇಲ್ಲಿನವರು ಹೆಲ್ಮೆಟ್ ಹಾಕಿ ಮೈಮೇಲೆ ಬಿದ್ದಾಡುವ ಆಟ), ಎಲ್ಲರಿಗೂ ಅದೇ ಹೆಗಲುದ್ದ ಕೂದಲು. ಆ ಸೀಸನ್ ಪೂರ್ತಿ ಹೆಲ್ಮೆಟ್ ಇಲ್ಲದೆ, ಕೂದಲೇ ಮೆತ್ತೆಯೆಂದುಕೊಂಡು, ತಲೆಗೆ ತಲೆ ಗುದ್ದಿ ಆಡಿದರಂತೆ. ಅವರ ನೆನಪಿಗೆ ಮುಂದಿನ ತಿಂಗಳು ಸುಮುಖನ ತಂಡವೂ ಹಾಗೇ ಕೂದಲು ಬಿಟ್ಟು, ಹೆಲ್ಮೆಟ್ ಇಲ್ಲದೆ ಒಂದು ಪಂದ್ಯ ಆಡುತ್ತದೆ. ಜುಟ್ಟೇ ಹೆಲ್ಮೆಟ್ಟು, ತಪ್ಪಿದರೆ ಪೆಟ್ಟು.

“ಇಟ್ಸ್ ಜಸ್ಟ್ ಒನ್ ಗೇಮ್, ಮಾಮಾ,” ಅಂದ.

“ತಲೆನೂ ಒಂದೇ ಕಣೋ,” ಅಂದೆ.

ನನ್ನ ಬಿ.ಪಿ. ಮಾತ್ರೆಯನ್ನು ನಿಮ್ಮ ಮಗಳೂ ಕೇಳುತ್ತಿದ್ದಾಳೆ. ಹರಕೆ ತಿದ್ದಿಕೊಳ್ಳಿ ದೊಡ್ಡಮ್ಮ. ಕೂದಲು ಆಮೇಲೆ ಕೊಡೋಣ, ಸದ್ಯಕ್ಕೆ ದೇವರು ಅವನ ತಲೆ ಕಾಯಲಿ ಎನ್ನಿ.

ಗಡಿಬಿಡಿಯಲ್ಲಿ,
ಶ್ರೀಕಂಠ