ಹಿಡಿಂಬೆಯ ಹೆಸರಿಗೆ ಎರಚಿದ ಭಂಡಾರ

ತಾಯಿ ಹಿಡಿಂಬೆವ್ವಗೆ, ತುರೋರಿ ಊರಿನ ಬಾಳಮ್ಮ ಸೆರಗೊಡ್ಡಿ ಮಾಡುವ ಶರಣು.

ನೀನಿರುವ ಕಾಡು ಯಾವ ತಾಲೂಕಿಗೆ ಸೇರಿದ್ದೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಕಾಡೇ ಇಲ್ಲ. ತೊಗರಿ ಹೊಲ, ಸೋಯಾಬೀನು ಹೊಲ, ನಡುವೆ ಲಾರಿ ಓಡುವ ಹೈವೇ. ಆದರೂ ಈ ಸುದ್ದಿ ನಿನಗೆ ಮುಟ್ಟಲೇಬೇಕು. ಹೋದ ರವಿವಾರ ನಮ್ಮೂರ ಬೀರಪ್ಪನ ಗುಡಿಯಂಗಳದಲ್ಲಿ ನೀನು ಗೆದ್ದೆ. ಅವಸರದಲ್ಲಿ ತುದಿಯನ್ನೇ ಹೇಳಿಬಿಟ್ಟೆ ನೋಡು. ಇನ್ನು ಬುಡದಿಂದ ಕೇಳು.

ನಾವು ಕುರಿ ಕಾಯುವ ಮಂದಿ. ನಮ್ಮ ಡೊಳ್ಳಿನ ಹಾಡಿನ ಪಂದ್ಯದಲ್ಲಿ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಬೇಕು. ಉತ್ತರ ಸಿಗದ ಮೇಳ ತನ್ನ ಡೊಳ್ಳನ್ನು ಎದುರಾಳಿಗೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ನಡೆಯಬೇಕು. ನಮ್ಮೂರಲ್ಲಿ ಇದುವರೆಗೆ ಇದು ಗಂಡಸರ ಆಟ. ಈ ಸಲ ನಾನು, ನನ್ನ ನೆಗೆಣ್ಣಿ ಅಂದರೆ ಮೈದುನನ ಹೆಂಡತಿ ಮನಿಷಾ, ಓಣಿಯ ಇನ್ನಷ್ಟು ಹೆಂಗಸರು ಸೇರಿ ಮೇಳ ಕಟ್ಟಿದೆವು. ಡೊಳ್ಳು ನಮ್ಮ ಮಾವ ಅಮೋಘಸಿದ್ಧನವರದು, ಅವರ ಅಜ್ಜ ಬಾರಿಸಿದ್ದು. ಕೊಡುವ ಮುಂಚೆ ಹಗ್ಗ ಬಿಗಿಯುತ್ತ ಮಾವ ಅಂದರು: "ಬಾಳಮ್ಮಾ, ನೀ ಹೊಳ್ಳಿ ಬರ್ಲಿಲ್ಲಂದ್ರ ನಾನೇ ರೊಟ್ಟಿ ಬಡ್ಕೊಂತೀನಿ. ಡೊಳ್ಳು ಬರ್ಲಿಲ್ಲಂದ್ರ ಬೀರಪ್ಪಗ ಏನ್ ಹೇಳ್ಲಿ?"

ತಪ್ಪಾದದ್ದು ಮೊದಲ ಸ್ತುತಿಯಲ್ಲೇ. ಪಂದ್ಯಕ್ಕೆಂದು ನಿನ್ನ ಹಾಡನ್ನು ಕುರಿ ಹಿಂದೆ ತಿರುಗುತ್ತ, ಹಿಟ್ಟು ನಾದುತ್ತ ಹೇಳಿ ಹೇಳಿ, ನಿನ್ನ ಹೆಸರು ನಾಲಿಗೆಗೆ ಅಂಟಿಬಿಟ್ಟಿತ್ತು. "ಬೀರಪ್ಪಗ ಶರಣು, ಮಾಳಿಂಗರಾಯಗ ಶರಣು" ಎಂದವಳು ಅದೇ ಉಸಿರಿನಲ್ಲಿ "ಹಿಡಿಂಬೆವ್ವಗ ಶರಣು" ಎಂದುಬಿಟ್ಟೆ! ಸ್ತುತಿಯಲ್ಲಿ ಕೈಮುಗಿದ ಹೆಸರನ್ನು ನಮ್ಮಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆ ಹೆಸರು ಶರಣಿಗೆ ತಕ್ಕದ್ದೆಂದು ತೋರಿಸಬೇಕು, ಇಲ್ಲವೇ ಡೊಳ್ಳು ಇಳಿಸಬೇಕು. ಮನಿಷಾ ನಿಲಂಗಾ ಕಡೆಯ ಮರಾಠಿ ಮನೆಯ ಮಗಳು; ಗಾಬರಿಯಾದರೆ ಕನ್ನಡ ಮರೆಯುತ್ತಾಳೆ. ನನ್ನ ತೋಳು ಚಿವುಟಿ, "ಅಗ ಅಕ್ಕಾ, ಹೇ ಕಾಯ ಕೇಲಂಸ! ರಾಕ್ಷಸೀಣ ಆಹೇ ತೀ!" ಎಂದಳು. ಇದೇನು ಮಾಡಿದೆ, ಅವಳು ರಾಕ್ಷಸಿ ಅಂತ.

ಎದುರು ಮೇಳದ ಮುಂದಾಳು ಯೆಣೆಗೂರಿನ ವೈಜನಾಥಣ್ಣ. ಪಾಂಡವರ ಕಥೆಯನ್ನು ಎಲ್ಲಿಂದ ಕೇಳಿದರೂ ಎತ್ತಿಕೊಂಡು ಹಾಡಬಲ್ಲವನು. ಅವನಿಗೆ ಇನ್ನೇನು ಬೇಕು? ಮೀಸೆ ತಿರುವಿ ಕೂಡಿದ ಜನರತ್ತ ತಿರುಗಿದ.

"ಕೇಳಿದ್ರೇನ್ರೀ ಕೂಡಿದ ದೈವಾ! ಬೀರಪ್ಪನ ಬಾಜೂಕ ರಾಕ್ಷಸಿನ್ನ ಕೂಡ್ಸ್ಯಾಳ ಈಕಿ. ಮನಷ್ಯಾರನ್ನ ತಿನ್ನೋ ಕುಲದಾಕಿಗಿ ಶರಣು ಯಾಕ? ಹೇಳ್ ತಂಗಿ, ಇಲ್ಲಂದ್ರ ಡೊಳ್ಳ ಇಳಸು."

ಜನ ಹೋ ಎಂದು ನಕ್ಕರು. ಮಾವ ತಲೆ ತಗ್ಗಿಸಿದರು. ಆದರೂ ಬಾಯಿ ತಾನೇ ತೆರೆಯಿತು.

"ಅಣ್ಣಾ, ನಿನ್ನಿ ಏನ್ ಉಂಡೀದಿ?"

"ಕುರಿ ಖಂಡ ಉಂಡೀನಿ. ಯಾಕ, ನಿಂಗ ಬೇಕಾಗಿತ್ತೇನು?"

"ಹಂಗಂದ್ರ ಕುರಿ ಕಣ್ಣಾಗ ನೀ ಯಾರು? ನಾಳಿ ಕುರಿ ಹಾಡು ಕಟ್ಟಿದ್ರ ಅದ್ರಾಗ ನಿಂದೇನ್ ಹೆಸರು?"

ಅಂಗಳ ಉರುಳಾಡಿ ನಕ್ಕಿತು. ವೈಜನಾಥಣ್ಣನ ಡೊಳ್ಳಿನವನೂ ನಕ್ಕು ತಾಳ ತಪ್ಪಿಸಿದ. ಆ ಸಂದಿನಲ್ಲೇ ನಾನು ನಿನ್ನ ಬಾಯಾಗಿ ಹಾಡು ಎತ್ತಿದೆ:

ಮಲಗ್ಯಾರ ತಾಯಿ ಮಕ್ಕಳು ನನ್ನ ಮಣ್ಣಾಗ,
ತಿನ್ನಂದ ನಮ್ಮಣ್ಣ, ಕಾಯಂದ್ವು ನನ ಕಣ್ಣ.

ಎಲ್ಲ ಹಾಡಿದೆನವ್ವಾ. ಊಟಕ್ಕೆ ಹಿಡಿದು ತರಲು ಹೋದವಳು ಪಾಂಡವರಿಗೆ ಎಚ್ಚರಿಕೆ ಕೊಟ್ಟದ್ದು, ಅಣ್ಣನನ್ನು ಕಳೆದುಕೊಂಡು ಭೀಮನ ಕೈ ಹಿಡಿದದ್ದು, ಮಗ ಹುಟ್ಟುವ ತನಕ ಮಾತ್ರ ಸಂಸಾರ ಎಂಬ ಕರಾರು, ಮಗ ಹುಟ್ಟುತ್ತಲೇ ಮೈ ಝಾಡಿಸಿ ಎದ್ದುಹೋದ ಗಂಡ. ನೀನು ಅವರ ಬೆನ್ನಿಗೆ ಶಾಪ ಹಾಕಲಿಲ್ಲ. ಅವರು ಕರೆದರೆ ನೆರವಿಗೆ ಓಡಿ ಹೋಗು ಎಂದೇ ಮಗನನ್ನು ಬೆಳೆಸಿದೆ. ಗುಡ್ಡ ಏರಲಾರದ ದ್ರೌಪದಿಯನ್ನು ಹೊತ್ತದ್ದು ನಿನ್ನ ಘಟೋತ್ಕಚ. ಕರ್ಣ ಅರ್ಜುನನಿಗೆಂದು ಕಾದಿಟ್ಟ ಆಯುಧಕ್ಕೆ ಎದೆ ಕೊಟ್ಟದ್ದೂ ಅವನೇ. ಬೀಳುವಾಗ ಮೈ ಬೆಳೆಸಿಕೊಂಡು ವೈರಿ ದಂಡಿನ ಮೇಲೇ ಬಿದ್ದ. ಅರ್ಜುನ ಉಳಿದನೆಂದು ಕೃಷ್ಣ ಕುಣಿದ.

ನಾನು ಕೇಳಿದ ಮೇಳಗಳೆಲ್ಲ ಹಾಡನ್ನು ಅಲ್ಲಿಗೇ ಮುಗಿಸುತ್ತವೆ. ನನಗೆ ಮುಗಿಸಲಾಗಲಿಲ್ಲ. ನಮ್ಮ ಹಟ್ಟಿಯಲ್ಲಿ ಮರಿ ಸತ್ತರೆ ಒಮ್ಮೆಲೇ ಒಯ್ದು ಹೂಳುವುದಿಲ್ಲ. ತಾಯಿಕುರಿಯ ಮುಂದಿಡುತ್ತೇವೆ. ಅದು ಮೂಸಿ, ನೆಕ್ಕಿ, ತಾನಾಗಿ ಹಿಂದೆ ಸರಿಯುವ ತನಕ ಕಾಯುತ್ತೇವೆ. ಇಲ್ಲದಿದ್ದರೆ ಅದು ಮೇವು ಬಿಟ್ಟು ಅರಚುತ್ತ ಹುಡುಕುತ್ತಲೇ ಇರುತ್ತದೆ. ಕೃಷ್ಣ ಕುಣಿದ ಎಂದು ಹಾಡುವಾಗ ನನ್ನ ಕಿವಿಯಲ್ಲಿ ಆ ಅರಚಾಟ ಎದ್ದಿತು. ಡೊಳ್ಳು ತಡೆದು ಕೇಳಿದೆ:

"ವೈಜನಾಥಣ್ಣಾ, ಕುರಿಗಿ ಸೈತ ನಾವು ಸತ್ತ ಮರಿ ತೋರಸ್ತೀವಿ. ಅಷ್ಟ್ ದೊಡ್ಡ ದಂಡಿನ್ಯಾಗ, 'ಯವ್ವಾ, ನಿನ್ ಮಗ ಹೋದ' ಅಂತ ಹಿಡಿಂಬೆವ್ವಗ ಹೇಳ್ಲಾಕ ಹೋದಾಂವ ಯಾರು? ಹೆಸರು ಹೇಳು."

ಅವನಿಗೆ ನೆನೆಯಲು ಹೊತ್ತು ಸಿಗಲೆಂದು ಅವನ ಮೇಳದವರು ಡೊಳ್ಳು ಬಾರಿಸುತ್ತಲೇ ಇದ್ದರು. ಅವನು ಭೀಮನನ್ನು ನೆನೆದ, ಧರ್ಮರಾಯನನ್ನು ನೆನೆದ. ಕೊನೆಗೆ ಕೈ ಎತ್ತಿ ಡೊಳ್ಳು ನಿಲ್ಲಿಸಿದ.

"ಯಾರೂ ಹೋಗಿಲ್ಲ ತಂಗಿ. ನಾ ಕಲ್ತ ಹಾಡಿನ್ಯಾಗ ಯಾರೂ ಹೋಗಿಲ್ಲ. ನಿನ್ ಶರಣು ಖರೇ ಅದ."

ಡೊಳ್ಳನ್ನು ಹೊತ್ತು ತಂದು ನನ್ನ ಮುಂದಿಟ್ಟ. ನಾನು ಅದನ್ನೆತ್ತಿ ಅವನ ಕೊರಳಿಗೇ ಹಾಕಿದೆ. "ನಿನ್ ಡೊಳ್ಳ ನಂಗ್ಯಾಕಣ್ಣಾ? ಆಕಿ ಮಗನ ಹಾಡಿಗಿ ನಿನ್ ಕೈ ಬೇಕು. ಬಡಿ."

ಬಡಿದನವ್ವಾ! ಗುಡಿಯ ಗಂಟೆ ತಾನಾಗಿ ಅದುರುವಂತೆ ಬಡಿದ. ಮಾವ ಎದ್ದು ಬಂದು ಬೊಗಸೆ ತುಂಬ ಭಂಡಾರ ಎರಚಿ ಜಯಕಾರ ಕೂಗಿದರು: "ಹಿಡಿಂಬೆವ್ವನ ನಾವಲೆ ಚಾಂಗಭಲೋ!" ಊರಿಗೆ ಊರೇ ಕೂಗಿತು. ನನ್ನ ಸೀರೆ, ವೈಜನಾಥಣ್ಣನ ಮೀಸೆ, ಮನಿಷಾಳ ಹಲ್ಲು ಕೂಡ ಅರಿಶಿಣವಾದವು.

ಕುರುಕ್ಷೇತ್ರದಿಂದ ನಿನ್ನ ಬಾಗಿಲಿಗೆ ಯಾರೂ ಬರಲಿಲ್ಲ. ತುರೋರಿಯಿಂದ ನಾನು ಈ ಓಲೆಯಾಗಿ ಬಂದಿದ್ದೇನೆ. ನಿನ್ನ ಮಗ ಹೋದನವ್ವಾ. ಎದೆ ಕೊಟ್ಟು ಹೋದ. ಅಳುವಷ್ಟು ಅತ್ತುಬಿಡು, ಆಮೇಲೆ ತಲೆ ಎತ್ತು. ಅವನ ಹೆಸರು ಹಿಡಿದು ಹಾಡಿದಾಗ ಇಲ್ಲಿ ಕೂತವರು ಒಬ್ಬರೂ ಇರಲಿಲ್ಲ, ಎಲ್ಲರೂ ಎದ್ದು ನಿಂತಿದ್ದರು.

ನಿನ್ನ ಕಾಡು ಹಸಿರಾಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನಗೆ ಶರಣೆಂದು ಗೆದ್ದವಳು,
ಬಾಳಮ್ಮ