ಗೋಡೆಯ ಮೇಲಿನ ಹಿತ್ತಿಲ ಬಾಗಿಲು

ಚಿತ್ರದ ಮೇಷ್ಟ್ರಿಗೆ ನಮಸ್ಕಾರ.

‘ಒಡೆದವನೇ ಕಟ್ಟಲಿ’ ಎಂಬ ಸಾಲನ್ನು ಎಲ್ಲೋ ಓದಿದ್ದೆ. ‘ಕಟ್ಟಲಿ’ ಎಂದಿತ್ತೋ, ‘ಕಟ್ಟುವನೇ?’ ಎಂದಿತ್ತೋ, ಈಗ ಅನುಮಾನ.

ನಮ್ಮ ಮನೆಗೆ ನುಗ್ಗಿ ತಮ್ಮನನ್ನು ಹೊಡೆದವನು, ತಾನು ಒಡೆದ ಹಿತ್ತಿಲ ಬಾಗಿಲನ್ನು ಓಣಿಯವರ ಜೊತೆ ಗೋಡೆಯ ಮೇಲೆ ಬಿಡಿಸಿ ಕ್ಷಮೆ ಕೇಳಲಿ ಎಂದಿರಿ, ಒಪ್ಪಿದೆ. ಚೆನ್ನಾಗಿಯೇ ಬಿಡಿಸಿದ್ದಾನೆ. ಆದರೆ ಚಿತ್ರದಲ್ಲಿ ಬಾಗಿಲ ಒಳಬದಿಗೆ ಎರಡು ಚಿಲಕಗಳಿವೆ. ಎರಡನೆಯದನ್ನು ನಾನು ಹಾಕಿಸಿದ್ದು ಹೋದ ವಾರ, ಅವನು ನುಗ್ಗಿ ಎಷ್ಟೋ ದಿನವಾದ ಮೇಲೆ.

ಅಳಿಸಬೇಡಿ, ನಾಳೆ ಅವನು ಕ್ಷಮೆ ಕೇಳುವ ಸಭೆಗೆ ಮೊದಲು ಬಂದು ನೋಡಿ. ತಮ್ಮನಿಗೆ ಹೇಳಬೇಡಿ, ಅವನಿಗೆ ಈಗೀಗ ನಿದ್ದೆ ಹತ್ತುತ್ತಿದೆ.

ಇತಿ,
ಪೆಟ್ಟು ತಿಂದವನ ಅಕ್ಕ

ಪತ್ರ ಮಡಚುವಾಗ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ಹೇಳಿದಳು: “ಅಕ್ಕಾ, ಮೊನ್ನೆ ನೀವಿಲ್ದಾಗ ಅವನು ಬಂದು ಗೋಡೆ ಚಿತ್ರಕ್ಕೆ ಬಾಗ್ಲು ಅಳತೆ ಬೇಕು ಅಂದ, ಪಾಪ. ನನ್ ಹತ್ರ ಇಟ್ಟಿದ್ರಲ್ಲ, ಆ ನಿಮ್ಮನೆ ಕೀಲಿಕೈ ಕೊಟ್ಟೆ. ನಿಮಗೇ ವಾಪಸ್ ಕೊಡ್ತೀನಿ ಅಂದ, ಕೊಟ್ನಲ್ಲ?”