ಇಳಿಯುವುದನ್ನು ಮೊದಲು ಕಲಿಸಿದ ಮಾವಯ್ಯನಿಗೆ

ಮಾವಯ್ಯ,

ಕ್ಷೇಮ ಕೇಳುವ ಕಾಗದವಲ್ಲ ಇದು. ಜಗಳಕ್ಕೆಂದೇ ಬರೆಯುತ್ತಿದ್ದೇನೆ. ನೀವಿದ್ದಾಗ ನಿಮ್ಮೆದುರು ದನಿ ಎತ್ತಿದವಳಲ್ಲ ನಾನು. ಸೆರಗು ಸರಿಮಾಡಿಕೊಂಡು ಬಾಗಿಲ ಸಂದಿಯಿಂದಲೇ ಉತ್ತರ ಕೊಟ್ಟವಳು. ಈಗ ನೀವು "ಬುಟ್ಬುಡವ್ವ ಅತ್ಲಾಗೆ" ಎಂದು ಟವೆಲ್ ಕೊಡವಿ ಎದ್ದುಹೋಗುವ ಹಾಗಿಲ್ಲ. ಪೂರ್ತಿ ಕೇಳಲೇಬೇಕು.

ನೆನಪಿದೆಯಾ, ನಾನು ಬೈರಾಪಟ್ಟಣಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಡವಾದರೆ ಮೇಸ್ತ್ರಿ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದ. ಒಂದು ದಿನ ನೀವು ಯಾರದೋ ಹಳೇ ಲೇಡೀಸ್ ಸೈಕಲ್ ತಂದು ಕಣದಲ್ಲಿ ನಿಲ್ಲಿಸಿ "ಹತ್ತವ್ವ" ಅಂದಿರಿ. ಅತ್ತೆ ಮುದ್ದೆ ತಿರುವುತ್ತಿದ್ದ ಕೋಲು ಹಿಡಿದೇ ಹೊರಗೆ ಬಂದರು.

"ಸೊಸೇನ ಸರ್ಕಸ್‌ಗೆ ಸೇರುಸ್ತೀಯಾ? ಊರೋರೆಲ್ಲ ನಗ್ತಾವ್ರೆ."

"ನಗ್ಲಿ ಬುಡು. ನಕ್ಕೋರು ಬಂದು ಅವಳ ಕೂಲಿ ಕೊಟ್ಟಾರಾ?"

ಹಾಗಂದು ಸೀಟು ಹಿಡಿದುಕೊಂಡು ಏದುಸಿರು ಬಿಡುತ್ತ ನನ್ನ ಹಿಂದೆ ಓಡಿದವರು ನೀವು. ಊರಿನ ಯಾವ ಮಾವ ಸೊಸೆಗೆ ಇಷ್ಟು ಮಾಡಿದ್ದ? ಇದನ್ನು ಬರೆಯುವಾಗ ಸಿಟ್ಟು ಸ್ವಲ್ಪ ಇಳಿಯುತ್ತದೆ, ಅದಕ್ಕೇ ಬೇಗ ಮುಂದಕ್ಕೆ ಹೋಗುತ್ತೇನೆ.

ಬ್ಯಾಲೆನ್ಸು ಬರುವುದಕ್ಕೂ ಮೊದಲು ನೀವು ಕಲಿಸಿದ್ದು ಇಳಿಯುವುದನ್ನು. ಮಾರಮ್ಮನ ಗುಡಿ ಬಂದರೆ ಇಳಿ. ಹಿರಿಯರು ಎದುರಾದರೆ ಇಳಿ. ಪಟೇಲರ ಜಗಲಿ ದಾಟುವ ತನಕ ತಳ್ಳಿಕೊಂಡು ಹೋಗು. ಲಾರಿ ಬಂದರೆ ಇಳಿ, ಕಾರು ಹಾರ್ನ್ ಹೊಡೆದರೆ ಇಳಿ. "ದೊಡ್ಡೋರ ಗಾಡಿ ಬಂದ್ರೆ ಇಳಿದ್ಬುಡವ್ವ. ನಮಗೇನು ಅರ್ಜೆಂಟು?" ನನಗೆ ಅರ್ಜೆಂಟೇ ಇತ್ತಲ್ಲ ಮಾವಯ್ಯ! ಮೇಸ್ತ್ರಿ ನನಗಾಗಿ ಕಾಯುತ್ತಿದ್ದನಾ? ಕಾರಿನಲ್ಲಿ ಕೂತವನಿಗೆ ಮಾತ್ರ ಹೊತ್ತಾಗುತ್ತದೆ, ತುಳಿಯುವವಳಿಗೆ ಆಗುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು?

ಆ ಬೆಳಿಗ್ಗೆ ನೀವು ಪೇಟೆ ಪಕ್ಕದ ರೇಷ್ಮೆ ಹುಳು ಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನಿಮ್ಮ ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದಿರಿ. ನಾನು ನನ್ನ ಸೈಕಲ್ಲಿನಲ್ಲಿ ಹಿಂದೆ ಇದ್ದೆ. ತಿರುವಿನಲ್ಲಿ ಹಾರ್ನ್ ಕೇಳಿತು. ನೀವು ತಿರುಗಿ ಕೂಡ ನೋಡಲಿಲ್ಲ. ಯಾವತ್ತಿನ ಹಾಗೆ ಎಡಕ್ಕೆ ಸರಿದು ಇಳಿದಿರಿ. ಇಳಿಯಲು ಅಲ್ಲಿ ನೆಲವೇ ಇರಲಿಲ್ಲ. ಚರಂಡಿಗೆಂದು ಅಗೆದು, ಚಪ್ಪಡಿ ಮುಚ್ಚದೆ ಬಿಟ್ಟು, ಅದರ ಮೇಲೆ ಕಳೆ ಬೆಳೆದು... ಸೊಪ್ಪಿನ ಹೊರೆ ನಿಮ್ಮ ಮೇಲೆ ಬಿತ್ತು. ಕಾರು ನಿಲ್ಲಲಿಲ್ಲ. ನಾನು ಕೂಗಿದ್ದು ನಿಮಗೆ ಕೇಳಿಸಿತ್ತಾ?

ಸೊಂಟ ಮುರಿದು ಮಲಗಿದವರು ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನೀವು ಅಂದ ಮಾತಿದೆಯಲ್ಲ, "ನಂದೇ ತಪ್ಪು ಕಣವ್ವ, ನೋಡ್ಕಂಡು ಇಳೀಬೇಕಾಗಿತ್ತು," ಅದಕ್ಕೇ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ಗುಂಡಿ ತೋಡಿ ಬಿಟ್ಟುಹೋದವನದು ತಪ್ಪಲ್ಲ, ಹಾರ್ನ್ ಹೊಡೆದವನದು ತಪ್ಪಲ್ಲ, ದಾರಿ ಬಿಟ್ಟುಕೊಟ್ಟ ನಿಮ್ಮದು ತಪ್ಪಾ? ಸಾಯುವಾಗಲೂ ಇಳಿದೇ ಹೋದಿರಲ್ಲ ಮಾವಯ್ಯ!

ನಿಮ್ಮ ತಿಥಿ ಮುಗಿಸಿ ನಾನು ರಸ್ತೆ, ಚರಂಡಿ ನೋಡಿಕೊಳ್ಳುವ ಪೇಟೆಯ ಆಫೀಸಿಗೆ ಹೋದೆ. ಚರಂಡಿಗೆ ಚಪ್ಪಡಿ ಹಾಕಿ, ರಸ್ತೆಯ ಪಕ್ಕ ಸೈಕಲ್ಲಿಗೆ ಒಂದಿಷ್ಟು ಜಾಗ ಬಿಡಿ ಎಂದೆ. ಅಲ್ಲಿದ್ದ ಸಾಹೇಬರು ತಲೆ ಎತ್ತದೆ "ಈಗಿನ ಕಾಲದಲ್ಲಿ ಸೈಕಲ್ ಯಾರಮ್ಮ ಹೊಡೀತಾರೆ?" ಎಂದರು. ಅವರ ಕಿಟಕಿಯಾಚೆ ನನ್ನ ಸೈಕಲ್ ನಿಂತಿತ್ತು. ಅಂಗಳದಲ್ಲಿ ಗುಡಿಸುವವರ ಸೈಕಲ್ಲುಗಳೂ ನಿಂತಿದ್ದವು. ಕತ್ತು ತಿರುಗಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಆಮೇಲೆ ಸೈಕಲ್ ಪಥವೇನೋ ಬಂತು. ಎಲ್ಲಿಗೆ ಗೊತ್ತಾ? ಕೆರೆಯ ಸುತ್ತ! ಹುಲ್ಲು, ಬೆಂಚು, ಬಣ್ಣದ ದೀಪ. ಭಾನುವಾರ ದೂರದಿಂದ ಜನ ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಬಂದು, ಒಂದು ಸುತ್ತು ಹೊಡೆದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಹೋಗಲಿ, ಅವರ ಮೇಲೆ ನನಗೇನೂ ಕೋಪವಿಲ್ಲ. ನಾನೂ ಒಂದು ದಿನ ಹೋದೆ. ಅಂಗಡಿಗೆ ಮುಟ್ಟಿಸಬೇಕಿದ್ದ ಬೊಂಬೆಯ ಮೂಟೆ ಹಿಂದೆ ಇತ್ತು. ಗೇಟಿನವನು ಕೈ ಅಡ್ಡ ಹಿಡಿದ. "ಲೋಡ್ ಸೈಕಲ್ ಬುಡಂಗಿಲ್ಲ ಕಣಕ್ಕ. ಬೋರ್ಡ್ ನೋಡಿ." ನಿಜ, ಹಾಗೆಂದೇ ಬರೆದಿತ್ತು. ಹೊಟ್ಟೆ ಕರಗಿಸುವವರಿಗೆ ಸೈಕಲ್ ದಾರಿ, ಹೊಟ್ಟೆ ಹೊರೆಯುವವರಿಗೆ ಚರಂಡಿ. ಅದೂ ಆ ದಾರಿ ಹೊರಟ ಕಡೆಗೇ ವಾಪಸ್ ಬರುತ್ತದೆ ಮಾವಯ್ಯ, ಎಲ್ಲಿಗೂ ಹೋಗುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ನನ್ನ ಪಕ್ಕದ ಮೆಷಿನ್ನಿನಲ್ಲಿ ಅರಗಿನ ಬಣ್ಣ ಹಚ್ಚುವ ನೂರ್‌ಜಹಾನಕ್ಕ ನಿಮಗೆ ಗೊತ್ತಲ್ಲ, ನಿಮ್ಮನ್ನು ನೋಡಲು ಆಸ್ಪತ್ರೆಗೆ ಬಿರಿಯಾನಿ ತಂದು ನರ್ಸಿನ ಹತ್ತಿರ ಬೈಸಿಕೊಂಡವರು. ಅವರು ತಟ್ಟೆ ಕೆಳಗಿಟ್ಟು, "ಅರ್ಜಿ ಕೊಟ್ಟಿದ್ದು ಸಾಕು. ನಮ್ ಗಾಡಿಗೋಳ್ನ ಅವ್ರ ಕಣ್ಗೆ ಕಾಣಂಗೆ ನಿಲ್ಸಾನ ಬಾ," ಅಂದರು. ಮಾರನೇ ದಿನ ಕಾರ್ಖಾನೆಯ ಹೆಂಗಸರೆಲ್ಲ ಸೈಕಲ್ಲುಗಳನ್ನು ಆ ಆಫೀಸಿನ ಗೇಟಿಗೆ ಅಡ್ಡಲಾಗಿ ಒತ್ತಾಗಿ ನಿಲ್ಲಿಸಿ ಬೀಗ ಹಾಕಿದೆವು. ಸಾಹೇಬರ ಜೀಪು ಹೊರಗೆ ಬರಲಾಗಲಿಲ್ಲ. "ಯಾರ್ದಮ್ಮ ಇಷ್ಟೊಂದು ಸೈಕಲ್ಲು?" ಎಂದು ಅವರೇ ಕೇಳಿದರು. ಕೊನೆಗೂ ಕಣ್ಣಿಗೆ ಬಿದ್ದವು!

ಮೇಸ್ತ್ರಿ ಅರ್ಧ ದಿನದ ಕೂಲಿ ಹಿಡಿದ. ನಿಮ್ಮ ಮಗ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಆದರೆ ಚಪ್ಪಡಿ ಬಂತು. ಊರ ಕಡೆಯ ತಿರುವಿನಿಂದ ಕಾರ್ಖಾನೆಯ ಬೀದಿಯವರೆಗೆ ರಸ್ತೆಯ ಎಡಕ್ಕೆ ಬಿಳಿ ಪಟ್ಟೆ ಎಳೆದು, ಒಳಗೆ ಸೈಕಲ್ ಚಿತ್ರ ಬರೆದರು. ಊರವರೆಗೂ ಬೇಕೆಂದು ಕೇಳಿದ್ದೆವು. ಬಣ್ಣ ಮುಗಿಯಿತೋ ಮನಸ್ಸು ಮುಗಿಯಿತೋ, ಅಲ್ಲಿಗೇ ನಿಲ್ಲಿಸಿದ್ದಾರೆ.

ನಿನ್ನೆ ಅದರ ಉದ್ಘಾಟನೆ. ಶಾಮಿಯಾನ, ಮೈಕು, ಟೇಪು ಎಲ್ಲ ಇತ್ತು. ನಮ್ಮನ್ನು ಸೈಕಲ್ ಹತ್ತಿಸಿ ಸಾಲಾಗಿ ಪಟ್ಟೆಯ ಒಳಗೆ ನಿಲ್ಲಿಸಿದ್ದರು. ನಾನು ಮುಂದೆ ಇದ್ದೆ, ಮೂಟೆಯ ಸಮೇತ. ನಾವು ಬೇಡವೆಂದರೂ ಅತ್ತೆ ಆಟೋ ಹತ್ತಿ ಬಂದು, ನೀವು ಬಿದ್ದ ಜಾಗದ ಚಪ್ಪಡಿಯ ಮೇಲೆ ಕೂತಿದ್ದರು. ಅಷ್ಟರಲ್ಲಿ ಅತಿಥಿಗಳ ಕಾರು ಬಂತು. ಎಲ್ಲಿಂದ ಬಂತು ಅಂದುಕೊಂಡಿರಿ? ಟೇಪನ್ನು ಪಕ್ಕಕ್ಕೆ ಸರಿಸಿಕೊಂಡು, ಬಿಳಿ ಪಟ್ಟೆಯ ಒಳಗೇ, ನನ್ನ ಎದುರಿಗೇ! ಹಾರ್ನ್ ಹೊಡೆದರು.

ಇಳಿಯಲು ನನ್ನ ಕಾಲು ತಾನಾಗಿ ಎದ್ದಿತು ಮಾವಯ್ಯ. ನೀವು ಕಲಿಸಿದ ಕಾಲು. ಯಾರೋ ಒಬ್ಬ ಓಡಿಬಂದು "ಇಳಿದು ಸರ್ಕಳ್ರಮ್ಮ, ದೊಡ್ಡೋರು ಬತ್ತಾವ್ರೆ," ಅಂದ. ಮತ್ತೆ ಹಾರ್ನ್. ಆಗ ಚಪ್ಪಡಿಯ ಮೇಲಿಂದ ಅತ್ತೆಯ ದನಿ ಬಂತು. ಅವತ್ತು ಕೋಲು ಹಿಡಿದು ಬೈದರಲ್ಲ, ಅದೇ ದನಿ.

"ಇಳೀಬ್ಯಾಡ ಕಣೆ ಭಾಗ್ಯ. ಇಳಿದೋರು ಏನಾದ್ರು ಅಂತ ನಾನ್ ನೋಡಿವ್ನಿ."

ಎತ್ತಿದ ಕಾಲನ್ನು ನೆಲಕ್ಕೆ ಊರಿದೆ, ಸೀಟು ಬಿಡಲಿಲ್ಲ. ನನ್ನ ಹಿಂದೆ ಯಾರೂ ಬಿಡಲಿಲ್ಲ. ಕಾರು ಇನ್ನೊಂದು ಸಲ ಹಾರ್ನ್ ಹೊಡೆದು, ಒಂದಿಷ್ಟು ಹೊತ್ತು ನಿಂತು, ಆಮೇಲೆ ಹಿಂದಕ್ಕೆ ಹೋಯಿತು. ದೊಡ್ಡವರು ಇಳಿದು, ನಡೆದುಕೊಂಡು ಬಂದರು.

ನಿಮ್ಮ ಮೊಮ್ಮಗಳಿಗೆ ನಾಳೆಯಿಂದ ಅದೇ ಕಣದಲ್ಲಿ ಸೈಕಲ್ ಕಲಿಸುತ್ತೇನೆ. ಸೀಟು ಹಿಡಿಯಲು ನೀವಿಲ್ಲ, ನಾನೇ ಓಡಬೇಕು. ಮಾರಮ್ಮನ ಗುಡಿಯ ಮುಂದೆ ಇಳಿಯುವುದನ್ನು ಅವಳಿಗೂ ಹೇಳಿಕೊಡುತ್ತೇನೆ, ಅತ್ತೆಗೆ ಮಾತು ಕೊಟ್ಟಿದ್ದೇನೆ. ಇನ್ಯಾರ ಮುಂದೆಯೂ ಇಲ್ಲ.

ನಿಮ್ಮ ಸೊಸೆ,
ಭಾಗ್ಯ